ಟ್ಯಾಂಕಿನ ಹಿಂದಿನ ಸೊಪ್ಪು

ಎಡಗೈಯ ಮೂರು ಬೆರಳು ಮುಗಿದಿದ್ದವು. ಉಮಾಶ್ರೀ ನಾಲ್ಕನೆಯದನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು, ಉಗುರಿನ ಸಂದಿಗೆ ಪಿನ್ನಿನ ಮೊನೆ ಹಾಕಿ ಮೆಲ್ಲಗೆ ಎಳೆದಳು. ನಿನ್ನೆ ಸಂಜೆಯಿಂದ ಬಿಗಿದುಕೊಂಡಿದ್ದ ಕೈ ಬಾಗುತ್ತಿರಲಿಲ್ಲ. ಅದಕ್ಕೇ ಅವಳೇ ಬಾಗಿ ಒದ್ದೆ ನೆಲದ ಮೇಲೆ ಮೊಣಕಾಲೂರಿದ್ದಳು. ಬಚ್ಚಲಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಅವಳ ಅತ್ತೆ ತಂಗೆವ್ವನ ದೇಹ ಕೂತಿತ್ತು. ಸ್ನಾನವಾಗಿತ್ತು, ಸೀರೆ ಉಡಿಸಿಯಾಗಿತ್ತು. ಮೇಲಿನ ಮನೆಯ ಮರಿಯಮ್ಮ ಹಿಂದೆ ನಿಂತು ಬಿಳಿಗೂದಲಿನ ನೀರು ಹಿಂಡುತ್ತಿದ್ದಳು.

ಪಿನ್ನಿನ ತುದಿಗೆ ಬಂದದ್ದು ಕೊಳೆಯಲ್ಲ, ಮಣ್ಣು. ಕೆಂಪು ಮಣ್ಣು. ಅದರೊಳಗೆ ಕೂದಲೆಳೆಯಷ್ಟು ಸಣ್ಣ ತೆಂಗಿನ ನಾರು. ಉಮಾಶ್ರೀ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಈ ಮನೆಯಲ್ಲಿ ಮಣ್ಣು ಎನ್ನುವುದು ಇರಲೇ ಇಲ್ಲ. ಹೋದ ವರ್ಷದ ಶ್ರಾವಣದಿಂದ ಈಚೆಗೆ ಒಂದು ತುಳಸಿ ಕುಂಡವೂ ಇರಲಿಲ್ಲ. ಅವಳು ಪಿನ್ನನ್ನು ಸೆರಗಿನ ತುದಿಗೆ ಒರೆಸಿಕೊಂಡು ಐದನೆಯ ಬೆರಳಿಗೆ ಹೋದಳು. ಅಲ್ಲೂ ಮಣ್ಣೇ.

ತಂಗೆವ್ವ ತೀರಿಕೊಂಡದ್ದು ಮೆಟ್ಟಿಲ ಮೇಲೆ. ನಿನ್ನೆ ಸಂಜೆ ಐದೂವರೆಗೆ, ಟೆರೇಸಿಗೆ ಹೋಗುವ ಕೊನೆಯ ಮೆಟ್ಟಿಲುಗಳಲ್ಲಿ, ಗೋಡೆಗೆ ಒರಗಿ ಕೂತ ಹಾಗೆ ಇದ್ದರಂತೆ. ನೋಡಿದವರು ಮನೆ ಓನರ್ ಮುನಿಲಕ್ಷ್ಮಮ್ಮ. ಬಿದ್ದು ಸತ್ತದ್ದಲ್ಲ, ಹಾರ್ಟ್ ನಿಂತದ್ದು ಎಂದು ಡಾಕ್ಟರು ಹೇಳಿದರು. ಅಷ್ಟರಲ್ಲಿ ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯ ಆ ಗಲ್ಲಿಯ ಜನವೆಲ್ಲ ಒಂದೇ ಪ್ರಶ್ನೆ ಕೇಳಿಯಾಗಿತ್ತು. ಮಂಡಿ ನೋವೆಂದು ಗುಡಿಗೂ ಹೋಗದೆ ಕೂತಿರುತ್ತಿದ್ದ ಮುದುಕಿ ಎರಡು ಮಹಡಿ ಹತ್ತಿ ಮೇಲೆ ಯಾಕೆ ಹೋದರು? ಬಾಡಿಗೆಯವರಿಗೆ ಟೆರೇಸಿನ ಬೀಗವೇ ತೆಗೆಯುತ್ತಿರಲಿಲ್ಲವಲ್ಲ. ಗಾಳಿಗೆ ಹೋಗಿರಬೇಕು ಎಂದರು ಕೆಲವರು. ಕರೆ ಬಂದಾಗ ಕಾಲು ತಾನೇ ನಡೆಯುತ್ತದೆ ಎಂದರು ಇನ್ನೊಬ್ಬರು. ಮುನಿಲಕ್ಷ್ಮಮ್ಮ ಮಾತ್ರ ಏನೂ ಅನ್ನದೆ, ಕೀ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

ಉಮಾಶ್ರೀ ಕೇಳಲಿಲ್ಲ. ಅವಳು ಮೊದಲಿನಿಂದಲೂ ಕೇಳುವವಳಲ್ಲ, ನೋಡುವವಳು. ಅತ್ತೆಗೆ ಹೇಳಬೇಕಾಗಿದ್ದ ಮಾತೊಂದು ಹದಿಮೂರು ತಿಂಗಳಿಂದ ಹಾಗೆಯೇ ಉಳಿದಿತ್ತು. ದಿನಾ ಬೆಳಿಗ್ಗೆ ಚಹಾ ಕೊಡುವಾಗ, ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದಳು. ನಿನ್ನೆ ಬೆಳಿಗ್ಗೆಯೂ ಅಂದುಕೊಂಡಿದ್ದಳು.

"ಆಯ್ತಾ ಉಮಾ?" ಎಂದಳು ಮರಿಯಮ್ಮ.

"ಆತ್ರಿ."

*

ತಂಗೆವ್ವ ಮಗನ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಬಾಗಲಕೋಟೆಯ ಕಡೆಯವರು. ಅವರ ಊರು ಹೊಳೆಯ ಹಿನ್ನೀರಿಗೆ ಮುಳುಗಿ, ಗುಡ್ಡದ ಮೇಲಿನ ಹೊಸ ಊರಿಗೆ ಬಂದಮೇಲೆ ಅವರಿಗೆ ಸ್ವಂತ ನೆಲ ಇರಲಿಲ್ಲ. ಇನ್ನೊಬ್ಬರ ಕಾಯಿಪಲ್ಲೆ ತೋಟದಲ್ಲಿ ಕಳೆ ತೆಗೆದು, ಸೊಪ್ಪು ಕಟ್ಟಿ ಜೀವನ ಮಾಡಿದವರು. ಗಂಡ ಸತ್ತಮೇಲೆ, ಲಿಫ್ಟ್ ರಿಪೇರಿ ಕೆಲಸದ ಮಗ ಸಂಗಮೇಶ ಬೆಂಗಳೂರಿಗೆ ಕರೆತಂದ. ಇಲ್ಲಿ ಮಾಡಲಿಕ್ಕೆ ಕೆಲಸವಿರಲಿಲ್ಲ. ಉಮಾಶ್ರೀ ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ತಂಗೆವ್ವ ಎದುರಿಗೆ ಕೂತು ನೋಡುತ್ತಿದ್ದರು. ಒಬ್ಬರಿಗೊಬ್ಬರು ಹೆಚ್ಚು ಮಾತಿಲ್ಲ.

ಬಂದ ಮೊದಲ ವಾರವೇ ಒಂದು ದಿನ ಉಮಾಶ್ರೀ ಕೊತ್ತಂಬರಿ ಸೋಸಿ, ಬೇರಿನ ಕಟ್ಟನ್ನು ಹಸಿ ಕಸದ ಬಕೆಟ್ಟಿಗೆ ಹಾಕಿದಳು. ತಂಗೆವ್ವ ಎದ್ದು ಬಂದು ಅದನ್ನು ಹೊರತೆಗೆದು ನಲ್ಲಿಗೆ ಹಿಡಿದು ತೊಳೆದರು.

"ಬೇರ ಅದಾವಲ್ಲ. ಯಾಕ ಒಗಿತಿ?"

ಅಂದು ಆ ಬೇರು ನಿಲ್ಲಿಸಿದ ಒಂದು ಸ್ಟೀಲ್ ಲೋಟ. ತಿಂಗಳು ತುಂಬುವುದರೊಳಗೆ ಅಡುಗೆಮನೆಯ ಕಿಟಕಿಯ ಕಟ್ಟೆಯ ತುಂಬಾ ಲೋಟ, ಬಾಟಲಿ, ಮೊಸರಿನ ಡಬ್ಬಿ. ಉಳ್ಳಾಗಡ್ಡಿ ಸೊಪ್ಪನ್ನು ಬೇರಿನ ಕಡೆಯಿಂದ ಎರಡು ಬೆರಳು ಬಿಟ್ಟು ಕತ್ತರಿಸಬೇಕು. ಆ ಬುಡವನ್ನು ಬೇರು ಮಾತ್ರ ಮುಳುಗುವಷ್ಟು ನೀರಲ್ಲಿ ನಿಲ್ಲಿಸಿದರೆ ಮೂರು ದಿನಕ್ಕೆ ಬೆರಳುದ್ದ ಹಸಿರು. ಪುದೀನದ ಎಲೆ ಕಿತ್ತ ಕಡ್ಡಿ ಎಸೆಯಬಾರದು, ಗಿಣ್ಣಿನ ಕೆಳಗೆ ಒಂದು ವಾರಕ್ಕೆ ಬಿಳಿ ಬೇರು ಬಿಡುತ್ತದೆ. ಕೋಸುಗಡ್ಡೆಯ ಬುಡದ ಸುತ್ತ ಬಟನ್ನಿನಂಥ ನಾಲ್ಕು ಮರಿಕೋಸು. ಬಸಳೆಯ ದಂಟು, ಮೊಳಕೆ ಬಂದ ಶುಂಠಿ, ಕಣ್ಣು ಬಿಟ್ಟ ಆಲೂಗಡ್ಡೆಯ ಹೋಳು ಮಾತ್ರ ಮಣ್ಣು ತುಂಬಿದ ಪೇಂಟಿನ ಬಕೆಟ್ಟಿಗೆ. ದಿನಾ ಬೆಳಿಗ್ಗೆ, ಹಲ್ಲುಜ್ಜುವ ಮೊದಲೇ, ತಂಗೆವ್ವ ಒಂದೊಂದೇ ಲೋಟದ ನೀರು ಚೆಲ್ಲಿ, ಒಳಗೆ ಬೆರಳು ಹಾಕಿ ತಿಕ್ಕಿ, ಹೊಸ ನೀರು ತುಂಬುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ.

ಮೊಮ್ಮಗಳು ಸಮನ್ವಿತಾಳಿಗೆ ಆಗ ಐದು ವರ್ಷ. ಗಜ್ಜರಿಯ ತಲೆಯೊಂದನ್ನು ಮುಚ್ಚಳದ ನೀರಲ್ಲಿಟ್ಟು ಅವಳಿಗೆ ಕೊಟ್ಟಿದ್ದರು. ಅವಳು ದಿನಾ ಸ್ಕೂಲಿನಿಂದ ಬಂದವಳೇ ಅದನ್ನು ಎತ್ತಿ ಕೆಳಗೆ ನೋಡುತ್ತಿದ್ದಳು.

"ಆಯಿ, ಕ್ಯಾರೆಟ್ ಇನ್ನೂ ಬಂದಿಲ್ಲ."

"ಗಜ್ಜರಿ ಬರಂಗಿಲ್ಲ ನನ ಬಂಗಾರ. ಮ್ಯಾಲಿನ ಹಸರ ತಪ್ಪಲ ಅಷ್ಟ ಬರತೈತಿ."

"ಮತ್ಯಾಕೆ ಇಟ್ಟಿದೀಯಾ?"

"ತಪ್ಪಲ ಚಂದ ಇಲ್ಲೇನು?"

ಉಮಾಶ್ರೀಗೆ ಒಳಗೊಳಗೇ ಅದು ಚಂದವೆನಿಸುತ್ತಿತ್ತು. ಆದರೆ ಕುಚ್ಚಿಗೆ ಸೀರೆ ಕೊಡಲು ಬರುವ ಹೆಂಗಸರು ಅಡುಗೆಮನೆಯ ಕಡೆ ಇಣುಕಿ, ನಿಮ್ಮನೇಲಿ ಕಸಕ್ಕೂ ಲೋಟಾನಾ ಎಂದು ನಕ್ಕಾಗ ಅವಳೂ ನಕ್ಕಿದ್ದಳು. ನಗದೆ ಇರಲಿಕ್ಕೆ ಧೈರ್ಯ ಸಾಲಲಿಲ್ಲ. ತಂಗೆವ್ವ ಗೋಡೆಯಾಚೆ ಕೂತು ಅದನ್ನು ಕೇಳಿಸಿಕೊಂಡಿದ್ದರು. ಮರುದಿನದಿಂದ ಹೆಂಗಸರು ಬರುವ ಹೊತ್ತಿಗೆ ಕಿಟಕಿಗೆ ಒಂದು ಟವೆಲ್ಲು ಇಳಿಬೀಳುತ್ತಿತ್ತು.

*

ದ್ಯಾಮಣ್ಣ ಬಂದಾಗ ಎಂಟೂವರೆ. ತಂಗೆವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಬಸ್ಸಿನಲ್ಲಿ ಕೂತೇ ಬಂದು ಕಾಲು ಊದಿತ್ತು. ಹಾಲ್‌ನಲ್ಲಿ ವಿಭೂತಿ ಹಚ್ಚಿ ಗೋಡೆಗೆ ಕೂರಿಸಿದ್ದ ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಪಾದದ ಮೇಲೆ ಕೈಯಿಟ್ಟರು. ಅಳು ಬರಲಿಲ್ಲ. ಮುನಿಲಕ್ಷ್ಮಮ್ಮ ಕೆಳಗಿನಿಂದ ಚಹಾ ತಂದರು. ಹೆಣ ಇರುವವರೆಗೂ ಈ ಮನೆಯಲ್ಲಿ ಒಲೆ ಹಚ್ಚಬಾರದೆಂದು ಬೆಳಿಗ್ಗೆಯಿಂದ ಎಲ್ಲವೂ ಅವರ ಮನೆಯಿಂದಲೇ ಬರುತ್ತಿತ್ತು. ಸಮನ್ವಿತಾಳನ್ನೂ ಅಲ್ಲೇ ಟಿವಿಯ ಮುಂದೆ ಕೂರಿಸಿದ್ದರು.

ಚಹಾ ಒಳಗೆ ಹೋದಮೇಲೆ ದ್ಯಾಮಣ್ಣನ ಬಾಯಿ ಬಿಟ್ಟಿತು. ಅಕ್ಕನ ಸುದ್ದಿಯೆಲ್ಲ ಹೇಳತೊಡಗಿದರು. ಏಳು ವರ್ಷದವಳಿದ್ದಾಗ ಹೊಳೆ ದಂಡೆಯ ಕಲ್ಲಂಗಡಿ ಹಣ್ಣು ಕದ್ದು ತಿಂದು, ಸಾಕ್ಷಿ ಉಳಿಯಬಾರದೆಂದು ಸಿಪ್ಪೆಯನ್ನೂ ಬೀಜವನ್ನೂ ಹಿತ್ತಲಲ್ಲಿ ಹೂತಿದ್ದಳಂತೆ. ತಿಂಗಳಿಗೆ ಬಳ್ಳಿ ಎದ್ದು ನಿಂತು, ಅಪ್ಪನ ಕೈಲಿ ಇಬ್ಬರಿಗೂ ಹೊಡೆತ.

"ಹಲ್ಲ ತಿಕ್ಕಿದ ಬೇವಿನಕಡ್ಡಿ ಸೈತ ನೆಡತಿದ್ಲರಿ ಈಕಿ," ಎಂದರು ಮರಿಯಮ್ಮನ ಕಡೆ ತಿರುಗಿ. "ಅದ ಹತ್ತಲಿಲ್ಲ. ಹತ್ತಿದ್ರ ನಮ್ಮೂರ ತುಂಬ ನಮ್ಮಕ್ಕನ ಎಂಜಲ ಗಿಡನ ಇರತಿದ್ವು."

ಕೂತಿದ್ದವರು ನಕ್ಕರು. ಸಂಗಮೇಶನ ತುಟಿಯೂ ಒಂದು ಗಳಿಗೆ ಸಡಿಲವಾಯಿತು. ಆಮೇಲೆ ದ್ಯಾಮಣ್ಣ ಮುಖ ತೊಳೆಯಲೆಂದು ಅಡುಗೆಮನೆಯ ಸಿಂಕಿಗೆ ಹೋದವರು ಅಲ್ಲಿಯೇ ನಿಂತರು.

"ಸಂಗಪ್ಪಾ, ಅಕ್ಕನ ಲೋಟಾ ಎಲ್ಲಿ ಅದಾವೋ? ಮೊನ್ನಿ ಐತಾರ ಸೈತ ಫೋನ್‌ನ್ಯಾಗ ಹೇಳಿದ್ಲು, ಕಿಡಕಿ ತುಂಬ ಹಚ್ಚೇನಿ, ಉಳ್ಳಾಗಡ್ಡಿ ಗೇಣುದ್ದ ಆಗೇತಿ ಅಂತ."

ಉಮಾಶ್ರೀ ಬಾಗಿಲ ಹತ್ತಿರ ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಪಾತ್ರೆ ತಿಕ್ಕುವ ಸೋಪು, ಒಂದು ನಾರು. ಬೇರೇನೂ ಇರಲಿಲ್ಲ.

ಸಂಗಮೇಶ ತಲೆಯೆತ್ತದೆ ಹೇಳಿದ. ಹೋದ ವರ್ಷ ಸಮೂಗೆ ಡೆಂಗಿಯಾದದ್ದು ಆ ಲೋಟಗಳ ನೀರಿನಿಂದಲೇ ಎಂದ. ಕೂಸು ಆರು ದಿನ ಆಸ್ಪತ್ರೆಯಲ್ಲಿತ್ತು, ಉಳಿಯುವುದೇ ಕಷ್ಟವಿತ್ತು, ಆಗಲೇ ಎಲ್ಲ ಒಗೆಸಿದೆವು ಎಂದ.

"ನನಗ ಹೇಳೇ ಇಲ್ಲಲ್ಲ ಆಕಿ."

"ಹೆಂಗ ಹೇಳತಾಳ ಮಾಮಾ. ತಪ್ಪ ಆಕಿದಾ ಇತ್ತು."

ದ್ಯಾಮಣ್ಣ ಒದ್ದೆ ಮುಖ ಒರೆಸಿಕೊಳ್ಳದೆ ಕಿಟಕಿಯ ಹೊರಗೆ ನೋಡಿದರು. ನಂತರ ನಿಧಾನ ತಲೆಯಾಡಿಸಿದರು. ಉಮಾಶ್ರೀಯ ಕೈಯಲ್ಲಿ ಬುಟ್ಟಿ ವಾಲಿ ನಾಲ್ಕು ಸೇವಂತಿಗೆ ನೆಲಕ್ಕೆ ಬಿದ್ದವು. ಈಗಲೇ ಹೇಳಬೇಕಿತ್ತು. ಅವಳು ಕೂತು ಹೂವು ಆಯ್ದುಕೊಂಡಳು.

*

ಸಮನ್ವಿತಾಳ ಜ್ವರ ಮೂರು ದಿನವಾದರೂ ಇಳಿಯದೆ ಹೋದಾಗ ರಕ್ತ ಪರೀಕ್ಷೆ ಮಾಡಿಸಿದ್ದರು. ಮನೆಯಲ್ಲೆಲ್ಲಾದರೂ ನೀರು ನಿಂತಿದೆಯೇ ಎಂದು ಡಾಕ್ಟರು ಕೇಳಿದರು. ಅವರು ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಆದರೆ ಉಮಾಶ್ರೀಗೆ ಆ ಗಳಿಗೆ ಕಣ್ಣಮುಂದೆ ಬಂದದ್ದು ಕಿಟಕಿಯ ಕಟ್ಟೆ. ಅತ್ತೆಯ ಲೋಟಗಳು ಎಂಬ ಮಾತು ಮೊದಲು ಬಂದದ್ದು ಅವಳ ಬಾಯಿಂದಲೇ. ಸಂಗಮೇಶ ಆಸ್ಪತ್ರೆಯ ಕಾರಿಡಾರಿನಲ್ಲಿ, ಜನರೆದುರು, ತಾಯಿಗೆ ಅಂದ. ಹುಟ್ಟಿದಾಗಿನಿಂದ ತಾಯಿಗೆ ಎದುರು ಮಾತಾಡದವನು.

"ಕಸಾ ಸಾಕಾಕ ಹೋಗಿ ನನ್ನ ಕೂಸಿನ ಕೊಲ್ಲಾಕ ನಿಂತಿ ಅಲ್ಲ ಅವ್ವಾ."

ತಂಗೆವ್ವ ಅಂದೇ ಮನೆಗೆ ಬಂದು, ಕಸದ ಗಾಡಿ ಬಂದಾಗ, ಲೋಟ, ಡಬ್ಬಿ, ಮಣ್ಣಿನ ಬಕೆಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೆಳಗೆ ಒಯ್ದು ತಾವೇ ಸುರಿದರು. ಉಮಾಶ್ರೀ ಬಟ್ಟೆ ತೆಗೆದುಕೊಂಡು ಹೋಗಲು ಬಂದವಳು ಮೆಟ್ಟಿಲ ಮೇಲೆ ನಿಂತು ನೋಡಿದ್ದಳು. ಮುದುಕಿ ಏಳು ಸಲ ಇಳಿದು ಏಳು ಸಲ ಹತ್ತಿದರು. ಕೊನೆಗೆ ಗಜ್ಜರಿಯ ಮುಚ್ಚಳ. ಇದೂ ಒಯ್ಯಪ್ಪಾ ಎಂದು ಗಾಡಿಯವನಿಗೆ ಹೇಳಿದರು.

ಮೂರನೆಯ ದಿನ ಅತ್ತೆ ಕೂಸಿನ ಹತ್ತಿರ ಆಸ್ಪತ್ರೆಯಲ್ಲಿದ್ದರು, ಉಮಾಶ್ರೀ ಒಬ್ಬಳೇ ಸ್ನಾನಕ್ಕೆಂದು ಮನೆಗೆ ಬಂದಿದ್ದಳು. ಆಗ ಕಾರ್ಪೊರೇಷನ್ನಿನಿಂದ ಆರೋಗ್ಯದ ಹುಡುಗಿಯೊಬ್ಬಳು ಟಾರ್ಚು ಹಿಡಿದುಕೊಂಡು ಬಂದಳು. ಡೆಂಗಿ ಬಂದ ಮನೆಗಳನ್ನು ನೋಡಲೇಬೇಕಂತೆ. ಬಚ್ಚಲು ನೋಡಿದಳು, ಡ್ರಮ್ಮು ನೋಡಿದಳು. ಅವಳು ಕೇಳದಿದ್ದರೂ ಉಮಾಶ್ರೀ ಲೋಟಗಳ ವಿಷಯ ಹೇಳಿದಳು. ಹುಡುಗಿ, ಎಷ್ಟು ದಿನಕ್ಕೊಮ್ಮೆ ನೀರು ಬದಲಾಯಿಸ್ತಿದ್ರು ಎಂದು ಕೇಳಿದಳು. ದಿನಾ ಎಂದಳು ಉಮಾಶ್ರೀ.

"ದಿನಾ ಚೆಲ್ಲಿ ತೊಳೆದ್ರೆ ಅದ್ರಲ್ಲಿ ಹುಳ ಆಗಲ್ಲ ಅಕ್ಕ. ಫ್ರಿಜ್ ಸ್ವಲ್ಪ ಈಚೆ ಎಳೀತೀರಾ?"

ಇಬ್ಬರೂ ಸೇರಿ ಎಳೆದರು. ಹಿಂದೆ, ಕೆಳಗೆ, ನೀರು ತೊಟ್ಟಿಕ್ಕುವ ತಟ್ಟೆಯೊಂದು ಇರುವುದೇ ಉಮಾಶ್ರೀಗೆ ಗೊತ್ತಿರಲಿಲ್ಲ. ಟಾರ್ಚಿನ ಬೆಳಕಲ್ಲಿ ಆ ನೀರು ಕುದಿಯುವ ಹಾಗೆ ಕಂಡಿತು. ಹುಳಗಳು, ಒಂದೊಂದೂ ದಾರದ ತುಂಡಿನಷ್ಟು, ಬಳುಕುತ್ತ ಮೇಲೆ ಬಂದು ಕೆಳಗೆ ಹೋಗುತ್ತಿದ್ದವು. ಫ್ರಿಜ್ಜು ತನ್ನ ತವರಿನವರು ಕೊಡಿಸಿದ್ದು. ಅದನ್ನು ಒರೆಸುವುದು, ತೊಳೆಯುವುದು ಎಲ್ಲ ತನ್ನದೇ ಕೆಲಸ, ಅತ್ತೆ ಅದರ ಬಾಗಿಲನ್ನೂ ಮುಟ್ಟುತ್ತಿರಲಿಲ್ಲ. ಹುಡುಗಿ ತಟ್ಟೆ ಖಾಲಿ ಮಾಡಿಸಿ, ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದಳು.

ಉಮಾಶ್ರೀ ಬ್ಲೀಚಿಂಗ್ ಪುಡಿ ಹಾಕಿ ತಟ್ಟೆಯನ್ನು ಮೂರು ಸಲ ತೊಳೆದಳು. ಕೂಸು ಮನೆಗೆ ಬರಲಿ, ಹೇಳುತ್ತೇನೆ ಅಂದುಕೊಂಡಳು. ಕೂಸು ಬಂತು. ಸಂಗಮೇಶನ ಸಿಟ್ಟು ಸ್ವಲ್ಪ ಇಳಿಯಲಿ ಅಂದುಕೊಂಡಳು. ಆ ಸಿಟ್ಟು ಈಗ ತನ್ನ ಕಡೆ ತಿರುಗುತ್ತದೆಂಬ ಭಯ ಅದು, ಬೇರೇನಲ್ಲ, ಅವಳಿಗೂ ಗೊತ್ತಿತ್ತು. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಇನ್ನೊಂದು ಪ್ರಶ್ನೆ ದಿನದಿಂದ ದಿನಕ್ಕೆ ಬೆಳೆಯಿತು. ಸಂಗಮೇಶ ತಾಯಿಯೊಂದಿಗೆ ಮಾತು ಬಿಟ್ಟ ಎನ್ನುವ ಹಾಗೂ ಇರಲಿಲ್ಲ. ಊಟ ಆತಾ, ಗುಳಿಗಿ ತಗೊಂಡಿ? ಅಷ್ಟೇ. ಮೊದಲು ಕೆಲಸದಿಂದ ಬಂದವನು ತಾಯಿಯ ಪಕ್ಕ ಕೂತು, ಯಾವ ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ಯಾರು ಸಿಕ್ಕಿಹಾಕಿಕೊಂಡರೆಂದು ಹೇಳಿ ನಗಿಸುತ್ತಿದ್ದ. ಅದು ನಿಂತುಹೋಯಿತು.

ತಂಗೆವ್ವ ಒಂದು ಸೊಳ್ಳೆ ಬ್ಯಾಟು ತರಿಸಿಕೊಂಡರು. ಕೂಸು ಮಲಗಿದಾಗ, ಬರೆಯುವಾಗ, ಉಣ್ಣುವಾಗ ಪಕ್ಕದಲ್ಲಿ ಬ್ಯಾಟು ಹಿಡಿದು ಕೂರುತ್ತಿದ್ದರು. ದೇವರ ಮುಂದಿನ ತಂಬಿಗೆಯ ನೀರನ್ನೂ ಪೂಜೆಯಾದ ಗಳಿಗೆಯೇ ಚೆಲ್ಲಿಬಿಡುತ್ತಿದ್ದರು. ಉಮಾಶ್ರೀ ಕುಚ್ಚು ಕಟ್ಟುತ್ತ ಎಲ್ಲವನ್ನೂ ನೋಡುತ್ತಿದ್ದಳು.

*

"ಉಮಾ, ಒಂದ್ನಿಮಿಷ ಮೇಲಕ್ಕೆ ಬಾ."

ಮುನಿಲಕ್ಷ್ಮಮ್ಮ ಮೆಟ್ಟಿಲ ಹತ್ತಿರ ನಿಂತು ಕರೆದರು. ಪೂಜೆಗೆ ಅಯ್ಯನವರು ಬರಲು ಇನ್ನೂ ಹೊತ್ತಿತ್ತು. ಗಂಡಸರು ಕೆಳಗೆ ರುದ್ರಭೂಮಿಯ ಗಾಡಿಗೆ ಫೋನ್ ಮಾಡುತ್ತಿದ್ದರು. ಇಬ್ಬರೂ ಹತ್ತಿದರು. ತಂಗೆವ್ವ ಕೂತಿದ್ದ ಜಾಗ ಬಂದಾಗ ಮುನಿಲಕ್ಷ್ಮಮ್ಮ ಗೋಡೆಗೆ ಒತ್ತಿಕೊಂಡು ದಾಟಿದರು.

"ನಿಮ್ಮತ್ತೆ ತಮ್ಮ ಕಿಟಕಿ ವಿಷ್ಯ ಕೇಳ್ತಿದ್ದಾಗ್ಲೇ ಹೇಳ್ಬೇಕಿತ್ತು ಕಣಮ್ಮ. ಬಾಯೇ ಬರ್ಲಿಲ್ಲ. ಕೀ ಕೊಟ್ಟಿದ್ದು ನಾನು."

ಟೆರೇಸಿನ ಮೂಲೆಯಲ್ಲಿ ಕಪ್ಪು ನೀರಿನ ಟ್ಯಾಂಕು. ಅದರ ಹಿಂದೆ, ಕೆಳಗಿನ ರಸ್ತೆಗಾಗಲಿ ಪಕ್ಕದ ಮನೆಗಾಗಲಿ ಕಾಣದ ಎರಡು ಮಾರು ಜಾಗದಲ್ಲಿ, ಇಟ್ಟಿಗೆಯ ಮೇಲೆ ಸಾಲಾಗಿ ಒಡೆದ ಬಕೆಟ್ಟುಗಳು, ಅಡ್ಡ ಕೊಯ್ದ ಎಣ್ಣೆ ಕ್ಯಾನುಗಳು, ಮೊಸರಿನ ಡಬ್ಬಿಗಳು. ಎಲ್ಲದರಲ್ಲೂ ಮಣ್ಣು, ನಾರಿನ ಪುಡಿ. ಎಲ್ಲದರ ಮೇಲೂ ಹಳೆಯ ತೆಳು ಸೀರೆಯ ತುಂಡು. ಗಿಡ ಎತ್ತರವಾದಲ್ಲಿ ಪೊರಕೆಕಡ್ಡಿ ಚುಚ್ಚಿ, ಬಟ್ಟೆಯನ್ನು ಗುಡಾರದ ಹಾಗೆ ಎತ್ತಿ ಕಟ್ಟಿದ್ದರು. ಕಟ್ಟಿದ್ದ ದಾರ ರೇಷ್ಮೆಯದು. ಗುಲಾಬಿ, ಗಿಳಿಹಸಿರು, ಅರಿಶಿನ. ಉಮಾಶ್ರೀ ಕುಚ್ಚು ಕಟ್ಟಿ ಉಳಿದದ್ದೆಂದು ಗುಡಿಸಿ ಎಸೆದ ತುಂಡುಗಳು.

ಅವಳು ಒಂದು ಬಟ್ಟೆ ಎತ್ತಿ ನೋಡಿದಳು. ಉಳ್ಳಾಗಡ್ಡಿ ಗೇಣುದ್ದವಾಗಿತ್ತು.

ಮುನಿಲಕ್ಷ್ಮಮ್ಮ ಮೆಲುದನಿಯಲ್ಲಿ ಹೇಳುತ್ತ ಹೋದರು. ಈ ವರ್ಷದ ಯುಗಾದಿಯ ಹೊತ್ತಿಗೆ ತಂಗೆವ್ವ ಅವರ ಅಡುಗೆಮನೆಯ ಕಸದ ಬಕೆಟ್ಟಿನ ಮುಂದೆ ನಿಂತು, ಆ ಬುಡ ನನಗೆ ಕೊಡ್ರಿ ಎಂದಿದ್ದರಂತೆ. ಮುನಿಲಕ್ಷ್ಮಮ್ಮ ಜರಗನಹಳ್ಳಿಯವರು. ಅವರ ತವರಿನಲ್ಲೂ ಒಂದು ಕಾಲಕ್ಕೆ ಸೊಪ್ಪಿನ ತೋಟವಿತ್ತು, ಈಗ ಅಲ್ಲಿ ಬಾಡಿಗೆ ಮನೆಗಳಿವೆ. ಕೇಳಿದ ಕೂಡಲೇ ಬೀಗ ತೆಗೆದುಕೊಟ್ಟರು. ಅಂದಿನಿಂದ ದಿನಾ ಸಂಜೆ, ಉಮಾಶ್ರೀ ಕೂಸನ್ನು ಟ್ಯೂಷನ್ನಿಗೆ ಬಿಡಲು ಹೋದ ಅರ್ಧ ಗಂಟೆಯಲ್ಲಿ, ತಂಗೆವ್ವ ಮೇಲೆ ಬಂದು ಹೋಗುತ್ತಿದ್ದರು.

"ನೀರಲ್ಲಿ ಇಡೋದನ್ನೇ ಬಿಟ್ಬಿಟ್ಟಿದ್ರು. ಎಲ್ಲಾ ಮಣ್ಣಲ್ಲೇ. ಅಂಗೈಯಲ್ಲಿ ನೀರು ತಗೊಂಡು ಚಿಮುಕಿಸೋರು. ಆಮೇಲೆ ಕೆಳಗಡೆ ಒಂದು ತೊಟ್ಟು ಬಿದ್ದಿದ್ರೂ ಬಟ್ಟೇಲಿ ಒರೆಸೋರು. ಸಾಕು ಬನ್ನಿ ತಂಗೆವ್ವ ಅಂದ್ರೆ, ನಿಮ್ಮನೇಲೂ ಮಕ್ಕಳು ಬರ್ತಾವಲ್ರಿ ಅನ್ನೋರು."

ಉಮಾಶ್ರೀ ಟ್ಯಾಂಕಿಗೆ ಕೈ ಆನಿಸಿ ನಿಂತಳು.

"ಪ್ರತಿ ಮಂಗಳವಾರ ನಿಮಗೆ ಸೊಪ್ಪು ಕಳಿಸ್ತಿದ್ನಲ್ಲ, ಜರಗನಹಳ್ಳೀಲಿ ತಮ್ಮ ಬೆಳ್ದಿದ್ದು ಅಂತ. ತಮ್ಮಾನೂ ಇಲ್ಲ, ಬೆಳೆನೂ ಇಲ್ಲ. ಇದೇ ಅದು. ಹಾಗೆ ಹೇಳಿ ಕೊಡಿ ಅಂತ ಅವರೇ ಹೇಳ್ಕೊಟ್ಟಿದ್ದು. ಇಲ್ದಿದ್ರೆ ಸೊಸೆ ಹೆದರ್ಕೊಂಡು ಕೂಸಿಗೆ ಹಾಕಲ್ಲ ಅಂತ."

ಎಷ್ಟು ಮಂಗಳವಾರ ಆ ಸೊಪ್ಪಿನ ಪಲ್ಯ ಮಾಡಿದ್ದಳು. ಮಾರ್ಕೆಟ್ಟಿನ ಸೊಪ್ಪಿಗೆ ಈ ವಾಸನೆಯೇ ಇರೋದಿಲ್ಲ ನೋಡ್ರಿ ಅತ್ತಿ ಎಂದು ಒಂದು ಸಲ ಅಂದಿದ್ದಳು. ಹೂಂ ಎಂದು ತಂಗೆವ್ವ ತಾಟಿನ ಕಡೆ ನೋಡುತ್ತ ಉಂಡಿದ್ದರು. ಸಂಗಮೇಶ ಮತ್ತೊಮ್ಮೆ ಹಾಕಿಸಿಕೊಂಡಿದ್ದ.

"ಅವರೇನಾರೂ ಅಂತಿದ್ರಾ ಆಂಟಿ? ನನ್ನ ಬಗ್ಗೆ?"

"ಇಲ್ಲಪ್ಪ." ಮುನಿಲಕ್ಷ್ಮಮ್ಮ ಕೀ ಗೊಂಚಲನ್ನು ಕೈಯಲ್ಲಿ ತಿರುಗಿಸಿದರು. "ಮಗ ಮೊದಲಿನ ಹಂಗೆ ಮಾತಾಡಲ್ಲ ಅಂದಿದ್ರು ಒಂದ್ಸಲ. ನಾನು ಏನೋ ಸಮಾಧಾನ ಹೇಳೋಕೆ ಹೋದೆ. ಅವನದೇನೂ ಇಲ್ಲ, ತಪ್ಪು ನಂದು ಅಂದ್ರು. ಅಷ್ಟೇ."

ಕೆಳಗೆ ಗಾಡಿ ಬಂದ ಸದ್ದಾಯಿತು. ಉಮಾ, ಅಯ್ಯನವರು ಬಂದ್ರು ಎಂದು ಮರಿಯಮ್ಮ ಕೂಗಿದಳು. ಉಮಾಶ್ರೀ ಆ ಬಟ್ಟೆಯನ್ನು ಮೊದಲಿದ್ದ ಹಾಗೆಯೇ ಮುಚ್ಚಿ, ಗುಲಾಬಿ ದಾರವನ್ನು ಬಿಗಿದು ಕಟ್ಟಿದಳು. ಗಂಟು ಎರಡು ಸಲ ತಪ್ಪಿತು.

*

ಹಾಲ್ ತುಂಬಿತ್ತು. ಸಂಗಮೇಶನ ಕೆಲಸದ ಗೆಳೆಯರು ಬಾಗಿಲಲ್ಲಿ ಚಪ್ಪಲಿಗಳ ನಡುವೆ ನಿಂತಿದ್ದರು. ಅಯ್ಯನವರು ಪೂಜೆ ಮುಗಿಸಿ, ಬಿಸಿಲು ಏರುವುದರೊಳಗೆ ಹೊರಡೋಣ ಎಂದರು. ಒಬ್ಬೊಬ್ಬರೇ ಬಂದು ಹೂವಿಟ್ಟು ಕೈಮುಗಿದರು. ಗಾಡಿಯ ಡ್ರೈವರು ಕೆಳಗಿನಿಂದ ಒಮ್ಮೆ ಹಾರ್ನ್ ಮಾಡಿ, ಯಾರೋ ಬೈದಿರಬೇಕು, ಸುಮ್ಮನಾದ.

ಎತ್ತುವ ಮೊದಲು ಅವರ ಕಡೆ ಒಂದು ಪದ್ಧತಿ. ತವರಿನವರು ಹೆಣದ ಪಕ್ಕ ನಿಂತು, ಸತ್ತವರ ಪರವಾಗಿ ಮನೆಯವರ ಹತ್ತಿರ ತಪ್ಪು ಒಪ್ಪಿಸಬೇಕು. ಮನೆಯವರು ಹೊಟ್ಟೆಗೆ ಹಾಕಿಕೊಂಡೆವು ಎನ್ನಬೇಕು. ಆಮೇಲೆಯೇ ಎತ್ತುವುದು. ಎಲ್ಲ ಸಾವಿನಲ್ಲೂ ನಡೆಯುವುದೇ. ಯಾರೂ ಅದರ ಅರ್ಥ ಯೋಚಿಸುವುದಿಲ್ಲ.

ದ್ಯಾಮಣ್ಣ ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು ನಿಂತರು.

"ನಮ್ಮಕ್ಕ ಈ ಮನ್ಯಾಗ ನಾಕ ವರ್ಷ ಉಂಡಾಳ. ಆಡಿದ್ದು ಮಾಡಿದ್ದು ಹೊಟ್ಟ್ಯಾಗ ಹಾಕ್ಕೋರಿ." ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತಿತ್ತು. ಅವರು ತಡೆದು, ಉಮಾಶ್ರೀಯ ಕಡೆ ನೋಡಿದರು. "ಕೂಸಿಂದೊಂದು ಆಗಬಾರದಿತ್ತು. ತಿಳೀಲಾರದ ಮಾಡ್ಯಾಳವ್ವ. ಬೇಕಂತ ಮಾಡಿಲ್ಲ."

"ಹಾಕ್ಕೊಂಡೇನಿ ಮಾಮಾ," ಎಂದ ಸಂಗಮೇಶ. ಅವನ ದನಿ ಒಡೆದಿತ್ತು. ಅಷ್ಟು ಹೇಳಿ, ತಾಯಿಯ ಹಿಂದೆ ಹೋಗಿ ನಿಂತ. ದೇಹ ವಾಲದಿರಲೆಂದು ತಂಗೆವ್ವನ ಹಣೆಗೂ ಎದೆಗೂ ಸುತ್ತಿದ್ದ ಬಿಳಿ ಬಟ್ಟೆಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಅವನು ಆ ಗಂಟಿಗೆ ಕೈ ಹಾಕಿದ.

ಎಲ್ಲರೂ ಉಮಾಶ್ರೀಯನ್ನು ನೋಡಿದರು. ಅವಳು ಬಾಯಿ ತೆರೆದಳು.

"ಹೊಟ್ಟ್ಯಾಗ ಹಾಕ್ಕೊಂಡೆ ಅನ್ನವ್ವ," ಎಂದರು ದ್ಯಾಮಣ್ಣ. ಅವರು ಕೈಮುಗಿದಿದ್ದರು. ಅಪ್ಪನ ವಯಸ್ಸಿನವರು.

"ಅವರ ತಪ್ಪಿಲ್ಲ," ಎಂದಳು ಉಮಾಶ್ರೀ.

ಸಂಪ್ರದಾಯದ ಉತ್ತರವೇ ಇರಬೇಕೆಂದು ಅಯ್ಯನವರು ಶಂಖಕ್ಕೆ ಕೈ ಹಾಕಿದರು.

"ಲೋಟದಾಗ ಹುಳಾ ಇರಲಿಲ್ಲರಿ. ಫ್ರಿಜ್ ಹಿಂದ ಇದ್ವು. ನಾ ತೊಳೀತಿರಲಿಲ್ಲ. ಕೂಸು ದವಾಖಾನ್ಯಾಗ ಇದ್ದಾಗನ ನಂಗ ಗೊತ್ತಾತು. ಹುಡುಗಿ ಬಂದು ತೋರಿಸಿ ಹೋದ್ಲು." ಅವಳು ಗಂಡನನ್ನು ನೋಡಲಿಲ್ಲ. ನೆಲದ ಮೇಲಿನ ಒಂದು ಹೂವಿನೆಸಳನ್ನು ನೋಡುತ್ತಿದ್ದಳು. "ನಾ ಯಾರಿಗೂ ಹೇಳಲಿಲ್ಲ. ಅತ್ತಿಗೂ ಹೇಳಲಿಲ್ಲ."

ಹಾಲ್‌ನಲ್ಲಿ ಯಾರೋ ಕೆಮ್ಮಿದರು. ಬಾಗಿಲಲ್ಲಿದ್ದ ಗೆಳೆಯರು ಒಬ್ಬರ ಹಿಂದೊಬ್ಬರು ಮೆಟ್ಟಿಲಿನ ಕಡೆ ಸರಿದರು. ದ್ಯಾಮಣ್ಣನ ಮುಗಿದ ಕೈಗಳು ಹಾಗೆಯೇ ಇದ್ದವು. ಬಿಡಿಸಬೇಕೋ ಬೇಡವೋ ಅವರಿಗೆ ತಿಳಿಯುತ್ತಿರಲಿಲ್ಲ. ಮುನಿಲಕ್ಷ್ಮಮ್ಮ ಗೋಡೆಯ ಕಡೆ ತಿರುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಸಂಗಮೇಶನ ಬೆರಳುಗಳು ಗಂಟಿನ ಮೇಲೆ ನಿಂತಿದ್ದವು. ಸಡಿಲಾಗಿದ್ದ ಗಂಟು ತಾನಾಗಿ ಜಾರಿತು. ಬಿಗಿದ ದೇಹ ಕೂತ ಭಂಗಿಯಲ್ಲೇ ಇಡಿಯಾಗಿ ಪಕ್ಕಕ್ಕೆ ವಾಲಿತು. ಅವನು ಬಗ್ಗಿ ಹೆಗಲು ಕೊಟ್ಟ. ತಂಗೆವ್ವನ ತಲೆ ಮಗನ ಕುತ್ತಿಗೆಯ ಸಂದಿಗೆ ಬಂದು ಆತುಕೊಂಡಿತು. ಹಣೆಯ ವಿಭೂತಿ ಅವನ ಕೆನ್ನೆಗೆ ಬಳಿಯಿತು. ಹಿಡಿಯಲು ನಾಲ್ಕು ಜನ ಮುಂದೆ ಬಂದವರು ಅವನ ಮುಖ ನೋಡಿ ಅಲ್ಲೇ ನಿಂತರು.

ಉಮಾಶ್ರೀ ಎರಡು ಹೆಜ್ಜೆ ಹತ್ತಿರ ಹೋದಳು.

"ಎತ್ತೂದಕ್ಕಿಂತ ಮೊದಲ ಅವರಿಗೊಂದ ಮಾತ ಹೇಳ್ರಿ," ಎಂದಳು. "ತಪ್ಪ ನಿಂದಲ್ಲ ಅಂತ. ನಾ ಹೇಳಿದ್ರ ಆಗಂಗಿಲ್ಲ, ನೀವು ಹೇಳಬೇಕು. ಒಂದ ಸಲ ಹೇಳ್ರಿ."